ಕೇಣಿಚಿರದ ಕೊಟ್ಟಿಗೆಗೆ ಯಾವ ಹುಲ್ಲು?

ಹಾಲಿನ ಲೆಕ್ಕದಲ್ಲಿ ಕೇರಳದಲ್ಲಿ ಪಾಲಕ್ಕಾಡಿನ ನಂತರ ಕೇಳಿಬರುವ ಹೆಸರು ವಯನಾಡಿನದು. ಆದರೆ ಆ ಹಾಲನ್ನು ಕೊಡುವ ಹಸುಗಳು ತಿನ್ನುವ ಮೇವಿನಲ್ಲಿ ದೊಡ್ಡ ಪಾಲು ವಯನಾಡಿನಲ್ಲಿ ಬೆಳೆದದ್ದಲ್ಲ. ಗುಂಡ್ಲುಪೇಟೆ, ಚಾಮರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ಭತ್ತದ ಹುಲ್ಲು ಮತ್ತು ಮುಸುಕಿನ ಜೋಳದ ಹಸಿ ದಂಟು ಲಾರಿ ಏರಿ, ಹೆಚ್ಚಾಗಿ ಬಂಡೀಪುರದ ಕಾಡು ದಾಟಿ, ಮುತ್ತಂಗ ಚೆಕ್‌ಪೋಸ್ಟಿನ ಮೂಲಕ ಅಲ್ಲಿನ ಕೊಟ್ಟಿಗೆ ಸೇರುತ್ತವೆ. ಸುಲ್ತಾನ್ ಬತ್ತೇರಿ ತಾಲ್ಲೂಕಿನ ಪೂತಾಡಿ ಗ್ರಾಮ ಪಂಚಾಯಿತಿಗೆ ಸೇರಿದ ಕೇಣಿಚಿರದ ಸ್ಥಿತಿಯೂ ಇದೇ. ಪನಮರಂ, ನಡವಯಲ್, ಪುಲ್ಪಳ್ಳಿಗಳ ನಡುವಿನ ಈ ಪುಟ್ಟ ಪೇಟೆಯ ಸುತ್ತ ಕಾಫಿ, ಕರಿಮೆಣಸು, ಅಡಿಕೆ, ಬಾಳೆ ಇವೆ; ಅವುಗಳ ನಡುವೆ ಒಂದೆರಡು ಹಸು ಕಟ್ಟಿದ ಮನೆಗಳಿವೆ. ಮಳೆಗಾಲದಲ್ಲಿ ಎಲ್ಲಿ ನೋಡಿದರೂ ಹಸುರು. ಜನವರಿ ಕಳೆಯಿತೆಂದರೆ ಮೇವಿಗೆ ಗಡಿಯಾಚೆ ನೋಡಬೇಕು.

ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಚಿಗುರುವ ಹುಲ್ಲನ್ನು ಈ ನೆಲದಲ್ಲಿ ಬೆಳೆದು ಆ ಕೊರತೆ ತುಂಬಲು ಸಾಧ್ಯವೇ, ಸಾಧ್ಯವಾದರೆ ಯಾವ ಹುಲ್ಲು, ಎಲ್ಲಿ, ಎಷ್ಟು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ವಯನಾಡಿನ ರೈತನಿಗೆ ಇದು ಆದಾಯದ ಜೊತೆಗೆ ಜೀವದ ಪ್ರಶ್ನೆಯೂ ಆಗಿದೆ. ಗಡಿಯ ಈಚೆಗಿನ ಕನ್ನಡ ರೈತನಿಗೂ ಇದರಲ್ಲಿ ಕಲಿಯುವುದಿದೆ, ಏಕೆಂದರೆ ಅವನ ಹುಲ್ಲಿನ ಮೆದೆಯೂ ಬರಗಾಲದಲ್ಲಿ ಬರಿದಾಗುತ್ತದೆ.

ಹಸು ಹೆಚ್ಚಿತು, ಹುಲ್ಲು ಕಡಿಮೆಯಾಯಿತು

ಹಿಂದೆ ವಯನಾಡಿನ ದನಗಳು ಸಣ್ಣ ಗಾತ್ರದವು. ಕೊಯ್ಲಾದ ಗದ್ದೆ, ಹೊಳೆಯ ದಂಡೆ, ಕಾಡಂಚುಗಳಲ್ಲಿ ಮೇದು ಬರುತ್ತಿದ್ದವು. ಪನಮರಂ, ಕಲ್ಪೆಟ್ಟ, ಬತ್ತೇರಿಗಳ ಸುತ್ತ ನೆಲೆಸಿದ ಕನ್ನಡ ಮೂಲದ ಜೈನ ಗೌಡರು, ವಯನಾಡು ಚೆಟ್ಟಿಗಳು, ಕುರುಮರು ಭತ್ತದ ಗದ್ದೆಯನ್ನೇ ಬದುಕಿನ ಕೇಂದ್ರವಾಗಿಟ್ಟುಕೊಂಡಿದ್ದರು. ಗಂಧಕಸಾಲ, ಜೀರಕಸಾಲದಂಥ ಪರಿಮಳದ ಭತ್ತಗಳು ಎತ್ತರಕ್ಕೆ ಬೆಳೆಯುತ್ತಿದ್ದವು. ಅಕ್ಕಿಯ ಜೊತೆ ಉದ್ದನೆಯ ಹುಲ್ಲೂ ಮನೆಗೆ ಬರುತ್ತಿತ್ತು. ಆಗ ಹುಲ್ಲನ್ನು ಬೆಳೆಯಾಗಿ ಬೆಳೆಯುವ ಅಗತ್ಯವೇ ಇರಲಿಲ್ಲ.

ಮುಂದೆ ಗದ್ದೆಗಳು ಬಾಳೆ, ಅಡಿಕೆ, ಶುಂಠಿಗೆ ತಿರುಗಿದವು. ಉಳಿದ ಗದ್ದೆಗೆ ಗಿಡ್ಡ ತಳಿಗಳು ಬಂದವು, ಕೊಯ್ಲಿಗೆ ಯಂತ್ರ ಬಂತು. ಯಂತ್ರ ಕೊಯ್ದ ಹುಲ್ಲು ಕೆಸರಿನಲ್ಲಿ ತುಳಿದು ಹಾಳಾಗುತ್ತದೆ, ಕಟ್ಟು ಕಟ್ಟಲು ಸಿಗುವುದು ಕಡಿಮೆ. ಇದೇ ಕಾಲದಲ್ಲಿ ಪುಲ್ಪಳ್ಳಿ ಸೀಮೆಯ ಮೆಣಸಿನ ಬಳ್ಳಿಗಳನ್ನು ಸೊರಗು ರೋಗ ನುಂಗಿತು. ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಕಾಫಿ, ಮೆಣಸಿನ ಬೆಲೆಯೂ ಕುಸಿದು ವಯನಾಡು ರೈತರ ಆತ್ಮಹತ್ಯೆಗಳಿಂದ ಸುದ್ದಿಯಾಯಿತು. ಆ ಕಷ್ಟಕಾಲದಲ್ಲಿ ಬಹಳಷ್ಟು ಕುಟುಂಬಗಳ ಕೈ ಹಿಡಿದದ್ದು ಹಸು. ಮೆಣಸಿನ ಹಣ ವರ್ಷಕ್ಕೊಮ್ಮೆ ಬಂದರೆ ಹಾಲಿನ ಹಣ ಸೊಸೈಟಿಯಿಂದ ವರ್ಷವಿಡೀ ಬರುತ್ತದೆ.

ಆದರೆ ಕೊಟ್ಟಿಗೆಗೆ ಬಂದದ್ದು ಹಳೆಯ ಸಣ್ಣ ದನವಲ್ಲ. 1963ರಲ್ಲಿ ಮೂನ್ನಾರಿನ ಬಳಿಯ ಮಾಟ್ಟುಪೆಟ್ಟಿಯಲ್ಲಿ ಆರಂಭವಾದ ಇಂಡೋ-ಸ್ವಿಸ್ ಯೋಜನೆಯಿಂದ ಸುನಂದಿನಿಯಂಥ ಮಿಶ್ರತಳಿ ರೂಪುಗೊಂಡಿತು. ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳೂ ಮನೆಮನೆಗೆ ಬಂದವು. ಹತ್ತು-ಹದಿನೈದು ಲೀಟರ್ ಕೊಡುವ ಹಸುವಿಗೆ ಬದುವಿನ ಮೇಲೆ ತಾನಾಗಿ ಬೆಳೆದ ಹುಲ್ಲು ಸಾಲದು. ತಳಿ ಬದಲಾದಷ್ಟು ಬೇಗ ಮೇವಿನ ವ್ಯವಸ್ಥೆ ಬದಲಾಗಲಿಲ್ಲ. ಇಂದಿನ ತೊಂದರೆಯ ಬೇರು ಇಲ್ಲಿದೆ. ದೇಶದ ಕಥೆಯೂ ಬೇರೆಯಲ್ಲ: ಸಾಗುವಳಿ ಭೂಮಿಯಲ್ಲಿ ಮೇವಿಗೆ ಮೀಸಲಾದ ಪಾಲು ದಶಕಗಳಿಂದ ಶೇ 4ರ ಆಸುಪಾಸಿನಲ್ಲೇ ನಿಂತಿದೆ.

ಗಡಿ ದಾಟಿ ಬರುವ ಮೇವು

ಕರ್ನಾಟಕದ ಒಣಹುಲ್ಲನ್ನು ನೆಚ್ಚಿಕೊಂಡಿರುವುದರಲ್ಲಿ ಎರಡು ಅಪಾಯಗಳಿವೆ.

ಮೊದಲನೆಯದು ಪೂರೈಕೆ. ಕರ್ನಾಟಕದಲ್ಲಿ ಮಳೆ ಕೈಕೊಟ್ಟರೆ ವಯನಾಡಿನಲ್ಲಿ ಹಾಲು ಇಳಿಯುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆ ವರ್ಷದ ಕೊನೆಯಲ್ಲಿ ಚಾಮರಾಜನಗರ ಜಿಲ್ಲಾಡಳಿತ ಮೇವನ್ನು ಹೊರರಾಜ್ಯಕ್ಕೆ ಸಾಗಿಸುವುದನ್ನು ನಿರ್ಬಂಧಿಸಿತು. ತನ್ನ ಜಿಲ್ಲೆಯ ದನಗಳು ಹಸಿದಿರುವಾಗ ಮೇವು ಹೊರಹೋಗದಂತೆ ತಡೆಯುವುದು ಆಡಳಿತದ ಕರ್ತವ್ಯ, ಅದನ್ನು ತಪ್ಪೆನ್ನಲಾಗದು. ಆದರೆ ಅದರ ಬಿಸಿ ತಟ್ಟಿದ್ದು ವಯನಾಡಿನ ಒಂದು-ಎರಡು ಹಸುವಿನ ಮನೆಗಳಿಗೆ. ಇದಲ್ಲದೆ ಬಂಡೀಪುರದ ರಾಷ್ಟ್ರೀಯ ಹೆದ್ದಾರಿ 766ರಲ್ಲಿ 2009ರಿಂದ ರಾತ್ರಿ ಸಂಚಾರ ನಿಷೇಧವಿದೆ. ವನ್ಯಜೀವಿಗಳಿಗೆ ಅದು ಅಗತ್ಯ. ಮೇವಿನ ಲಾರಿಗಳ ಓಡಾಟ ಮಾತ್ರ ಹಗಲಿಗೆ ಸೀಮಿತವಾಯಿತು.

ಎರಡನೆಯದು ಆ ಮೇವಿನ ಗುಣ. ಭತ್ತದ ಹುಲ್ಲಿನಲ್ಲಿ ಕಚ್ಚಾ ಪ್ರೋಟೀನ್ ಶೇ 3ರಿಂದ 4 ಮಾತ್ರ. ಹಸುವಿನ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಸರಿಯಾಗಿ ಕೆಲಸ ಮಾಡಲು ಮೇವಿನಲ್ಲಿ ಶೇ 7ರಷ್ಟಾದರೂ ಪ್ರೋಟೀನ್ ಬೇಕು. ಅಷ್ಟಿಲ್ಲದಿದ್ದರೆ ಹೊಟ್ಟೆ ತುಂಬುತ್ತದೆ, ಸತ್ವ ಸಿಗುವುದಿಲ್ಲ. ಆ ಕೊರತೆಯನ್ನು ಹಿಂಡಿ, ಬೂಸಾ, ಮೂಟೆಯಲ್ಲಿ ಬರುವ ಪಶು ಆಹಾರದಿಂದ ತುಂಬಬೇಕು. ಹಾಲಿನ ಉತ್ಪಾದನಾ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಮೇವು ಮತ್ತು ಪಶು ಆಹಾರಕ್ಕೇ ಹೋಗುವುದು ಈ ಕಾರಣದಿಂದ. ಹಸಿ ಹುಲ್ಲು ಮನೆಯಲ್ಲೇ ಇದ್ದರೆ ಪಶು ಆಹಾರದ ಮೂಟೆ ನಿಧಾನವಾಗಿ ಖಾಲಿಯಾಗುತ್ತದೆ. ಅದರಲ್ಲಿರುವ ಎ ಜೀವಸತ್ವ ಹಸು ಸಕಾಲಕ್ಕೆ ಗಬ್ಬ ಕಟ್ಟಲೂ ನೆರವಾಗುತ್ತದೆ.

ಗರಿಕೆ: ಜಗತ್ತು ಬೆಳೆಸಿದ್ದು, ನಾವು ಕಿತ್ತದ್ದು

ಹುಲ್ಲುಗಾವಲು, ಒಣಮೇವು, ಅಂಗಳದ ಹಾಸು ಈ ಮೂರಕ್ಕೂ ಒದಗುವ ಹುಲ್ಲು ನಮ್ಮಲ್ಲಿ ಯಾವುದೆಂದು ಕೇಳಿದರೆ ಮೊದಲ ಉತ್ತರ ಗರಿಕೆ. ನೆಲದ ಮೇಲೂ ಒಳಗೂ ಹಬ್ಬುವ ಕಾಂಡ, ಗೆಣ್ಣುಗೆಣ್ಣಿಗೂ ಬೇರು, ತುಳಿದರೂ ಮೇಯಿಸಿದರೂ ಮತ್ತೆ ಚಿಗುರುವ ಗುಣ ಅದರದು. ಗಣಪತಿ ಪೂಜೆಗೆ ಬೇಕಾದ ಈ ಹುಲ್ಲನ್ನು ಹೊಲದಲ್ಲಿ ಕಂಡರೆ ಮಾತ್ರ ರೈತ ಕಳೆಯೆಂದು ಕೀಳುತ್ತಾನೆ. ಅವನ ಸಿಟ್ಟಿಗೆ ಕಾರಣವಿದೆ. ಗರಿಕೆ ಒಮ್ಮೆ ಹೊಲ ಹಿಡಿದರೆ ಬಿಡಿಸುವುದು ಕಷ್ಟ.

ಅಮೆರಿಕದಲ್ಲಿ ಇದರ ಹೆಸರು ಬರ್ಮುಡಾ ಹುಲ್ಲು. ಅಲ್ಲಿಯೂ ಹತ್ತಿ ಬೆಳೆಗಾರರು ಇದನ್ನು ಶಪಿಸುತ್ತಿದ್ದರು. ಜಾರ್ಜಿಯಾ ರಾಜ್ಯದ ಟಿಫ್ಟನ್ ಸಂಶೋಧನಾ ಕೇಂದ್ರದ ಗ್ಲೆನ್ ಬರ್ಟನ್ ಇದನ್ನು ಬೆಳೆಯಾಗಿ ನೋಡಿದರು. 1943ರಲ್ಲಿ ಅವರು ಬಿಡುಗಡೆ ಮಾಡಿದ ‘ಕೋಸ್ಟಲ್’ ಎಂಬ ಮಿಶ್ರತಳಿ ಎತ್ತರಕ್ಕೆ ಬೆಳೆದು, ಕೊಯ್ದು ಒಣಗಿಸಲು ಒದಗಿತು. ಅಮೆರಿಕದ ದಕ್ಷಿಣ ರಾಜ್ಯಗಳ ಹುಲ್ಲುಗಾವಲುಗಳ ಚಹರೆಯನ್ನೇ ಬದಲಿಸಿತು. ಅದೇ ಕೇಂದ್ರದಿಂದ ಮೈದಾನ, ಗಾಲ್ಫ್ ಅಂಗಳ, ಮನೆಯಂಗಳಗಳಿಗೆ ಬೇಕಾದ ಗಿಡ್ಡ ತಳಿಗಳೂ ಬಂದವು.

ಕೇಣಿಚಿರದ ಮಟ್ಟಿಗೆ ಗರಿಕೆಯ ಜಾಗ ಸೀಮಿತ. ಕಟ್ಟಿ ಮೇಯಿಸುವ ಕರು, ಮೇಕೆಗಳಿಗೆ ಅದು ಒಳ್ಳೆಯ ಮೇವು. ಬಿಸಿಲು ಬೀಳುವ ಬದು, ಅಂಗಳ, ದಾರಿಯಂಚುಗಳ ಮಣ್ಣನ್ನು ಅದು ಬಿಗಿಯಾಗಿ ಹಿಡಿಯುತ್ತದೆ. ಆದರೆ ನೆರಳು ಅದಕ್ಕೆ ಆಗದು. ಕಾಫಿ ತೋಟದ ಒಳಗೆ ಅದು ಬೆಳೆಯುವುದಿಲ್ಲ. ಕೊಯ್ದು ತಂದು ದೊಡ್ಡ ಹಸುವಿನ ಗೋದಲಿ ತುಂಬುವಷ್ಟು ಇಳುವರಿಯೂ ನಮ್ಮ ನಾಟಿ ಗರಿಕೆಯಲ್ಲಿಲ್ಲ. ಕಳೆನಾಶಕ ಹೊಡೆದು ಅದನ್ನು ನಿರ್ನಾಮ ಮಾಡುವ ಬದಲು ತಾನಾಗಿ ಇರುವ ಕಡೆ ಉಳಿಸಿಕೊಂಡರೆ ಸಾಕು.

ನೆರಳಿಗೆ ಗಿನಿ, ಇಳಿಜಾರಿಗೆ ಕಾಂಗೋ ಸಿಗ್ನಲ್

ಆಫ್ರಿಕಾ ಮೂಲದ ಗಿನಿ ಹುಲ್ಲು ಭಾರತಕ್ಕೆ ಬಂದದ್ದು 1793ರಲ್ಲಿ ಎಂದು ಕೃಷಿ ಗ್ರಂಥಗಳು ದಾಖಲಿಸಿವೆ. ಇನ್ನೂರಕ್ಕೂ ಹೆಚ್ಚು ವರ್ಷ ಇಲ್ಲೇ ಬಾಳಿದ ಈ ಹುಲ್ಲು ಗುಂಪಾಗಿ ಬೆಳೆಯುತ್ತದೆ. ಎಲೆ ಹೆಚ್ಚು, ಕಾಂಡ ತೆಳು, ದನಕ್ಕೆ ರುಚಿ. ಇದರ ದೊಡ್ಡ ಗುಣ ನೆರಳನ್ನು ತಾಳಿಕೊಳ್ಳುವುದು. ತೆಂಗು, ಅಡಿಕೆ ತೋಟಗಳ ನಡುವೆ ಕೇರಳದಲ್ಲಿ ಇದನ್ನು ಬೆಳೆಯುವುದು ಈ ಕಾರಣಕ್ಕೆ. ಕೇರಳ ಕೃಷಿ ವಿಶ್ವವಿದ್ಯಾಲಯ ‘ಹರಿತ’, ‘ಮರತಕಂ’, ‘ಹರಿತಶ್ರೀ’ ಎಂಬ ತಳಿಗಳನ್ನು ಕೊಟ್ಟಿದೆ. ಬುಡ ಸೀಳಿ ನೆಡಬಹುದು, ಬೀಜ ಬಿತ್ತಲೂಬಹುದು. ಕಾಂಡ ತೆಳುವಾದ್ದರಿಂದ ಬಿಸಿಲು ಸಿಕ್ಕ ವಾರದಲ್ಲಿ ಕೊಯ್ದು ಒಣಗಿಸಿಡಲೂ ಬರುತ್ತದೆ.

ಕಾಂಗೋ ಸಿಗ್ನಲ್ ಕೂಡ ಆಫ್ರಿಕಾದ್ದೇ. ಇದು ನೆಲಕ್ಕೆ ಹರಡಿ ಚಾಪೆಯಂತೆ ಮುಚ್ಚುತ್ತದೆ. ಮಣ್ಣಿಗೆ ಗೆಣ್ಣು ತಾಗಿದಲ್ಲೆಲ್ಲ ಬೇರು ಬಿಡುವುದರಿಂದ ಇಳಿಜಾರಿನಲ್ಲಿ ಮಳೆನೀರು ಮೇಲ್ಮಣ್ಣನ್ನು ಕೊಚ್ಚುವುದು ತಗ್ಗುತ್ತದೆ. ಇಳುವರಿ ನೇಪಿಯರ್‌ನಷ್ಟಿಲ್ಲ, ಆರೈಕೆಯೂ ಅಷ್ಟು ಬೇಡ. ವಯನಾಡಿನ ಹುಳಿ ಮಣ್ಣಿಗೆ ಒಗ್ಗುತ್ತದೆ.

ಇಲ್ಲೊಂದು ಎಚ್ಚರದ ಮಾತು ಹೇಳಲೇಬೇಕು. 2024ರ ಜುಲೈ 30ರಂದು ಮೇಪ್ಪಾಡಿ ಪಂಚಾಯಿತಿಯ ಮುಂಡಕ್ಕೈ, ಚೂರಲ್‌ಮಲಗಳನ್ನು ಕೊಚ್ಚಿಕೊಂಡು ಹೋದಂಥ ಭೂಕುಸಿತವನ್ನು ಯಾವ ಹುಲ್ಲೂ ತಡೆಯದು. ಹುಲ್ಲಿನ ಬೇರು ಹಿಡಿಯುವುದು ಮೇಲಿನ ಮಣ್ಣನ್ನು. ಬೆಟ್ಟದ ಆಳದಲ್ಲಿ ನೀರು ತುಂಬಿ ಜಾರುವ ನೆಲಕ್ಕೆ ಪರಿಹಾರ ಬೇರೆಯೇ ಇದೆ. ಹುಲ್ಲು ನೆಟ್ಟರೆ ಗುಡ್ಡ ಉಳಿಯುತ್ತದೆಂಬ ಸುಳ್ಳು ಧೈರ್ಯ ಯಾರಿಗೂ ಬೇಡ. ವರ್ಷವರ್ಷವೂ ತೋಟದಿಂದ ತೊಳೆದು ಹೋಗುವ ಫಲವತ್ತಾದ ಮಣ್ಣನ್ನು ಮಾತ್ರ ಅದು ಖಂಡಿತ ಉಳಿಸುತ್ತದೆ.

ನೇಪಿಯರ್: ಇಳುವರಿಯ ಅರಸ, ಅದರ ಮಿತಿಗಳು

ಕರ್ನಾಟಕದ ಹಳ್ಳಿಗಳಲ್ಲಿ ಸೀಮೆಹುಲ್ಲು ಎಂದರೆ ಹೆಚ್ಚಿನವರ ಮನಸ್ಸಿಗೆ ಬರುವುದು ಇದೇ. ಆಫ್ರಿಕಾದ ನೇಪಿಯರ್ ಹುಲ್ಲಿಗೂ ನಮ್ಮ ಸಜ್ಜೆಗೂ ಸಂಕರ ಮಾಡಿದಾಗ ಸಜ್ಜೆಯ ಮೃದುತ್ವ ಮತ್ತು ನೇಪಿಯರ್‌ನ ಬಲ ಎರಡೂ ಸೇರಿದ ಹುಲ್ಲು ಹುಟ್ಟಿತು. ಭಾರತದಲ್ಲಿ ಈ ಕೆಲಸ 1950ರ ದಶಕದಲ್ಲಿ ಕೊಯಮತ್ತೂರಿನಲ್ಲಿ ನಡೆಯಿತು. ಆಮೇಲೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಿಂದ ‘ಪೂಸಾ ಜೈಂಟ್’ ಬಂತು. ಈಗ ರೈತರು ಹೆಸರು ಹಿಡಿದು ಕೇಳುವ ಸಿಒ-3, ಸಿಒ-4, ಸಿಒ-5 ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವು. ಕೇರಳದ್ದೇ ಆದ ‘ಸುಗುಣ’, ‘ಸುಪ್ರಿಯ’, ‘ಸುಸ್ಥಿರ’ ಇವೆ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಧಾರವಾಡ ಕೇಂದ್ರದಿಂದ ಕರ್ನಾಟಕಕ್ಕೆಂದು ಡಿಎಚ್‌ಎನ್-6, ಅಂದರೆ ‘ಸಂಪೂರ್ಣ’ ತಳಿ ಬಂದಿದೆ.

ನೀರು, ಗೊಬ್ಬರ ಚೆನ್ನಾಗಿದ್ದರೆ ಸಿಒ-4 ವರ್ಷಕ್ಕೆ ಹೆಕ್ಟೇರಿಗೆ 350 ಟನ್ನಿಗೂ ಮೀರಿ ಹಸಿ ಹುಲ್ಲು ಕೊಡುತ್ತದೆ. ನೆಟ್ಟ 75-80 ದಿನಕ್ಕೆ ಮೊದಲ ಕೊಯ್ಲು, ಆಮೇಲೆ ಸುಮಾರು 45 ದಿನಕ್ಕೊಂದು. ಗೊಬ್ಬರ ಹಾಕುತ್ತಿದ್ದರೆ ನಾಲ್ಕೈದು ವರ್ಷ ಒಂದೇ ಬುಡ ಸಾಕು. ಬೇರೆ ಯಾವ ದೀರ್ಘಾವಧಿ ಹುಲ್ಲೂ ಇದರ ಸಮಕ್ಕೆ ನಿಲ್ಲದು.

ಮಿತಿಗಳನ್ನೂ ಹೇಳಬೇಕು. ಬಿಸಿಲಿಲ್ಲದ ಕಡೆ ಇದು ಸೊರಗುತ್ತದೆ. ದಟ್ಟ ನೆರಳಿನ ಕಾಫಿ ತೋಟಕ್ಕೆ ಇದು ಹೇಳಿ ಮಾಡಿಸಿದ್ದಲ್ಲ. ನೀರು ನಿಲ್ಲುವ ಗದ್ದೆಯಲ್ಲಿ ಬುಡ ಕೊಳೆಯುತ್ತದೆ. ನೆಲದ ಸಾರವನ್ನು, ಅದರಲ್ಲೂ ಸಾರಜನಕ, ಪೊಟ್ಯಾಷನ್ನು ಬಹಳ ಹೀರುತ್ತದೆ. ಸಗಣಿ ಬಗ್ಗಡ, ಗೋಬರ್ ಗ್ಯಾಸ್‌ನ ಸ್ಲರಿ ಮರಳಿ ಕೊಡದಿದ್ದರೆ ಎರಡನೇ ವರ್ಷಕ್ಕೇ ಸಣಕಲಾಗುತ್ತದೆ. ತೀರಾ ಎಳೆಯ ನೇಪಿಯರ್‌ನಲ್ಲಿ ಆಕ್ಸಲೇಟ್ ಹೆಚ್ಚು. ಅದು ಹಸುವಿನ ಸುಣ್ಣದಂಶಕ್ಕೆ ಕೈಹಾಕುತ್ತದೆ. ಬಲಿತ ಮೇಲೆ ಕಾಂಡ ಬಿದಿರಿನಂತಾಗಿ ದನ ಎಲೆ ತಿಂದು ಉಳಿದದ್ದನ್ನು ಗೋದಲಿಯಲ್ಲಿ ಬಿಡುತ್ತದೆ. ಹಾಗಾಗಿ ಎಳೆಯದೂ ಅಲ್ಲದ, ಬಲಿತದ್ದೂ ಅಲ್ಲದ ಹದದಲ್ಲಿ ಕೊಯ್ದು, ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು, ಜೊತೆಗೆ ಖನಿಜ ಮಿಶ್ರಣ ಹಾಕಬೇಕು.

ಥೈಲ್ಯಾಂಡಿನ ಪಾಕ್‌ಚೊಂಗ್ ತಳಿ, ‘ಸೂಪರ್ ನೇಪಿಯರ್’, ‘ಕೆಂಪು ನೇಪಿಯರ್’ ಎಂಬ ಹೆಸರುಗಳಲ್ಲಿ ತುಂಡುಗಳು ಇಂದು ದುಬಾರಿ ಬೆಲೆಗೆ ಮಾರಾಟವಾಗುತ್ತಿವೆ. ಅವುಗಳಲ್ಲಿ ಶೇ 16-18 ಪ್ರೋಟೀನ್ ಇದೆಯೆಂಬ ಪ್ರಚಾರವನ್ನು ನಂಬಿ ಹಣ ಹಾಕುವ ಮುನ್ನ ಒಂದು ಮಾತು ತಿಳಿದಿರಲಿ. ನೇಪಿಯರ್ ಜಾತಿಯಲ್ಲಿ ಪ್ರೋಟೀನನ್ನು ನಿರ್ಧರಿಸುವುದು ತಳಿಗಿಂತ ಹೆಚ್ಚಾಗಿ ಕೊಯ್ಲಿನ ವಯಸ್ಸು ಮತ್ತು ಗೊಬ್ಬರ. 45 ದಿನಕ್ಕೆ ಕೊಯ್ದ ಸಾಧಾರಣ ತಳಿಯಲ್ಲಿ ಶೇ 8-10 ಸಿಗುತ್ತದೆ. ಮೂರು ತಿಂಗಳು ಬಿಟ್ಟರೆ ಯಾವ ತಳಿಯೂ ಒಣಹುಲ್ಲಿನ ದಾರಿ ಹಿಡಿಯುತ್ತದೆ.

ಇನ್ನೊಂದು ಅಪಾಯವನ್ನು ಕೀನ್ಯಾ ಕಲಿಸಿದೆ. ಅಲ್ಲಿನ ಸಣ್ಣ ಹೈನುಗಾರರು ಬಹುಪಾಲು ನೇಪಿಯರನ್ನೇ ನಂಬಿದ್ದಾರೆ. ಕುಬ್ಜ ರೋಗ ಮತ್ತು ಕಾಡಿಗೆ ರೋಗ ಹರಡಿದಾಗ ಊರಿಗೆ ಊರೇ ಮೇವು ಕಳೆದುಕೊಂಡಿತು. ಮಿಶ್ರ ನೇಪಿಯರ್ ಬೀಜ ಕಟ್ಟುವುದಿಲ್ಲ, ತುಂಡಿನಿಂದಲೇ ಬೆಳೆಯುತ್ತದೆ. ಒಂದು ಊರಿನ ಎಲ್ಲ ಬುಡಗಳೂ ಒಂದೇ ತಾಯಿಬುಡದ ನಕಲಾಗಿರಬಹುದು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ. ಆದ್ದರಿಂದ ಎರಡು-ಮೂರು ತಳಿ, ಜೊತೆಗೆ ಗಿನಿ ಹುಲ್ಲು ಇರುವುದು ಜಾಣತನ.

ಚಳಿನಾಡಿನ ಹುಲ್ಲುಗಳು ಇಲ್ಲಿಗೇಕೆ ಬೇಡ

ಯೂರೋಪಿನಲ್ಲಿ ಹುಲ್ಲುಗಾವಲಿಗೂ ಒಣಮೇವಿಗೂ ಅಂಗಳಕ್ಕೂ ಬೆಳೆಯುವ ರೈ ಹುಲ್ಲು ಪ್ರೋಟೀನ್ ಮತ್ತು ರುಚಿಯಲ್ಲಿ ನಮ್ಮ ಉಷ್ಣವಲಯದ ಹುಲ್ಲುಗಳಿಗಿಂತ ಮೇಲು. ಆದರೆ ಅದಕ್ಕೆ 20 ಡಿಗ್ರಿಯ ಆಸುಪಾಸಿನ ತಂಪು ಬೇಕು. ಉಷ್ಣತೆ 30 ದಾಟಿತೆಂದರೆ ಅದರ ಬೆಳವಣಿಗೆ ಕುಗ್ಗುತ್ತದೆ. ಊಟಿಯ ಎತ್ತರದಲ್ಲಿ ಅದು ಬದುಕೀತು. ಸಮುದ್ರಮಟ್ಟದಿಂದ 700-900 ಮೀಟರ್ ಎತ್ತರದ ವಯನಾಡು ಪ್ರಸ್ಥಭೂಮಿಯ ಮಾರ್ಚ್-ಏಪ್ರಿಲ್ ಬಿಸಿಲಿಗೆ ಅದು ನಿಲ್ಲದು.

ಪೂರ್ವ ಆಫ್ರಿಕಾದ ಎತ್ತರ ಪ್ರದೇಶದ ಕಿಕುಯು ಹುಲ್ಲು ನೀಲಗಿರಿಯಲ್ಲಿ ನೆಲೆಯೂರಿದೆ. ಅಲ್ಲಿ ಅದು ದನಗಳಿಗೆ ಮೇವಾದದ್ದು ನಿಜ, ಬೆಟ್ಟದ ಮೂಲ ಹುಲ್ಲುಗಾವಲಿನೊಳಗೆ ನುಗ್ಗಿ ಸ್ಥಳೀಯ ಹುಲ್ಲುಗಳನ್ನು ಹಿಂದಕ್ಕೆ ತಳ್ಳಿದ್ದೂ ನಿಜ. ಹೊರಗಿನ ಹುಲ್ಲು ಹೊಲ, ತೋಟ, ಬದುವಿಗೆ ಸರಿ. ಅದನ್ನು ಕಾಡಿನ ಬಯಲಿಗೆ, ಬೆಟ್ಟದ ನೆತ್ತಿಗೆ ಒಯ್ಯಬಾರದು.

ಒಂದು ಹಸುವಿಗೆ ಎಷ್ಟು ಸೆಂಟ್ಸ್?

ನಾನೂರು ಕಿಲೋ ತೂಗುವ ಮಿಶ್ರತಳಿ ಹಸುವಿಗೆ ದಿನಕ್ಕೆ 25ರಿಂದ 30 ಕಿಲೋ ಹಸಿ ಮೇವು, ನಾಲ್ಕೈದು ಕಿಲೋ ಒಣ ಮೇವು ಬೇಕು. ಹೆಕ್ಟೇರಿಗೆ 350 ಟನ್ ಎಂದರೆ ಒಂದು ಸೆಂಟ್ಸ್‌ಗೆ ವರ್ಷಕ್ಕೆ 1.4 ಟನ್, ದಿನಕ್ಕೆ ಸರಾಸರಿ 3.9 ಕಿಲೋ. ಇದು ನೀರಾವರಿಯಲ್ಲಿ, ಒಳ್ಳೆಯ ಆರೈಕೆಯಲ್ಲಿ ಸಿಗುವ ಲೆಕ್ಕ. ಬೇಸಿಗೆಯಲ್ಲಿ ನೀರಿಲ್ಲದ ಸಾಧಾರಣ ರೈತನಿಗೆ ಅದರ ಅರ್ಧ ಸಿಕ್ಕಿತೆಂದು ಹಿಡಿದರೂ ದಿನಕ್ಕೆ ಎರಡು ಕಿಲೋ. ಅಂದರೆ 25 ಕಿಲೋ ಲೆಕ್ಕದಲ್ಲಿ ಒಂದು ಹಸುವಿಗೆ 12-13 ಸೆಂಟ್ಸ್, ಎರಡು ಹಸುವಿಗೆ ಕಾಲೆಕರೆ.

ಒಂದೆಕರೆಯೂ ಇಲ್ಲದ ಕುಟುಂಬಕ್ಕೆ ಕಾಲೆಕರೆ ಹುಲ್ಲಿಗೆ ಬಿಡುವುದು ದೊಡ್ಡ ಮಾತು. ಹಾಗಾಗಿ ಬದುಗಳನ್ನು ಲೆಕ್ಕಕ್ಕೆ ತರಬೇಕು. ಸಿಒ ತಳಿಗಳನ್ನು 60 ಸೆಂ.ಮೀ. ಸಾಲು, 50 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಒಂದು ಸೆಂಟ್ಸ್‌ನಲ್ಲಿ ಸುಮಾರು 135 ಬುಡ ಹಿಡಿಯುತ್ತದೆ. ನೂರು ಮೀಟರ್ ಉದ್ದದ ಬದುವಿನಲ್ಲಿ ಅರ್ಧ ಮೀಟರಿಗೊಂದರಂತೆ 200 ಬುಡ ನೆಡಬಹುದು. ಒಂದಡಿ ನೆಲವನ್ನೂ ಬೆಳೆಯಿಂದ ಕಸಿಯದೆ ಒಂದೂವರೆ ಸೆಂಟ್ಸ್‌ನಷ್ಟು ಹುಲ್ಲು ಸಿಕ್ಕಿತು. ಎಲ್ಲ ಕಡೆಯಿಂದ ಬೆಳಕು ಬೀಳುವ ಬದುವಿನ ಬುಡ ಹೊಲದ ನಡುವಿನ ಬುಡಕ್ಕಿಂತ ಚೆನ್ನಾಗಿ ಹಬ್ಬುತ್ತದೆ. ಅಡಿಕೆ ತೋಟದ ಸಾಲುಗಳ ನಡುವೆ ಗಿನಿ, ಮನೆಯ ಹಿಂದೆ ಕೊಟ್ಟಿಗೆಯ ಬಗ್ಗಡ ಹರಿಯುವಲ್ಲಿ ನೇಪಿಯರ್, ಬೇಲಿಗೆ ಗೊಬ್ಬರದ ಗಿಡ, ಮೆಣಸಿನ ಆಸರೆಗೆ ಹಾಲುವಾಣ ಇಟ್ಟುಕೊಂಡರೆ ಲೆಕ್ಕ ಇನ್ನಷ್ಟು ಸುಧಾರಿಸುತ್ತದೆ. ಗೊಬ್ಬರದ ಗಿಡ, ಹಾಲುವಾಣ, ಅಲಸಂದೆಯ ಸೊಪ್ಪು ಪ್ರೋಟೀನಿನ ಕಣಜ. ಹುಲ್ಲಿನ ಜೊತೆ ಕಾಲು ಭಾಗ ಅವನ್ನು ಬೆರೆಸಿದರೂ ಹಿಂಡಿಯ ಖರ್ಚು ಇಳಿಯುತ್ತದೆ.

ಭೂಮಿಯೇ ಇಲ್ಲದೆ ಹಸು ಸಾಕುವವರೂ ಇದ್ದಾರೆ. ಅವರಿಗೆ ಬದುವಿನ ಲೆಕ್ಕದಿಂದ ಪ್ರಯೋಜನವಿಲ್ಲ. ಮಹಿಳೆಯರ ಕುಟುಂಬಶ್ರೀ ಗುಂಪುಗಳು ಗುತ್ತಿಗೆ ನೆಲದಲ್ಲಿ ತರಕಾರಿ, ಬಾಳೆ ಬೆಳೆದು ತೋರಿಸಿವೆ. ಅದೇ ದಾರಿಯಲ್ಲಿ ಪಾಳುಬಿದ್ದ ನೆಲದಲ್ಲಿ ಹುಲ್ಲು ಬೆಳೆದು, ಹಾಲಿನ ಸೊಸೈಟಿಯ ಮೂಲಕ ತೂಕಕ್ಕೆ ಮಾರುವ ವ್ಯವಸ್ಥೆ ಅವರಿಗೆ ಬೇಕು.

ಮಳೆಗಾಲದ ಹುಲ್ಲು ಬೇಸಿಗೆಗೆ

ಜೂನ್‌ನಿಂದ ನವೆಂಬರ್‌ವರೆಗೆ ಹುಲ್ಲು ಮಿಕ್ಕುತ್ತದೆ, ಫೆಬ್ರುವರಿಯಿಂದ ಮೇವರೆಗೆ ಸಾಲುವುದಿಲ್ಲ. ವಯನಾಡಿನ ಪಶ್ಚಿಮದಂಚಿನ ಲಕ್ಕಿಡಿಯಲ್ಲಿ ಸುರಿಯುವ ಮಳೆ ಪೂರ್ವಕ್ಕೆ ಬಂದಂತೆ ಕಡಿಮೆಯಾಗುತ್ತ, ಪುಲ್ಪಳ್ಳಿ, ಮುಳ್ಳನ್‌ಕೊಲ್ಲಿಯ ಹೊತ್ತಿಗೆ ನೆಲ ಕಬಿನಿಯಾಚೆಯ ಬೈರಕುಪ್ಪೆಯಂತೆಯೇ ಒಣಗಿರುತ್ತದೆ. ಕೇಣಿಚಿರ ಈ ಎರಡು ಅಂಚುಗಳ ನಡುವೆ ಇದೆ. ವರ್ಷದ ಒಟ್ಟು ಹುಲ್ಲು ಸಾಲುವಷ್ಟಿದ್ದರೂ ಕಾಲ ಹೊಂದುವುದಿಲ್ಲ. ಇದಕ್ಕೆ ಉತ್ತರ ರಸಮೇವು.

ನೇಪಿಯರ್‌ನ ದಪ್ಪ ಕಾಂಡ ಒಣಗುವುದಿಲ್ಲ, ಮಳೆಗಾಲದಲ್ಲಂತೂ ಅಸಾಧ್ಯ. ಆದರೆ ಅರ್ಧ ದಿನ ಬಾಡಿಸಿ, ಒಂದಂಗುಲದಷ್ಟು ಸಣ್ಣಗೆ ಕತ್ತರಿಸಿ, ಗುಂಡಿ, ಡ್ರಮ್ ಅಥವಾ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಳಿದು ತುಂಬಿ ಗಾಳಿಯಾಡದಂತೆ ಮುಚ್ಚಿದರೆ ಒಂದೂವರೆ ತಿಂಗಳಲ್ಲಿ ರಸಮೇವು ಸಿದ್ಧ. ನೇಪಿಯರ್‌ನಲ್ಲಿ ಸಕ್ಕರೆಯಂಶ ಕಡಿಮೆ. ಹುದುಗು ಸರಿಯಾಗಿ ಬರಲು ನೂರು ಕಿಲೋ ಹುಲ್ಲಿಗೆ ಒಂದೆರಡು ಕಿಲೋ ಬೆಲ್ಲ ಅಥವಾ ಕಾಕಂಬಿ ಬೆರೆಸಬೇಕು. ಒಂದು ಹಸುವಿಗೆ ದಿನಕ್ಕೆ 20 ಕಿಲೋದಂತೆ ನೂರು ದಿನಕ್ಕೆ ಎರಡು ಟನ್ ಬೇಕು; ಅದಕ್ಕೆ ನಾಲ್ಕು ಘನಮೀಟರ್ ಗುಂಡಿ ಸಾಕು. ಇಷ್ಟು ಸುಲಭದ ಕೆಲಸ ಹಬ್ಬದಿರಲು ಕಾರಣ ಕತ್ತರಿಸುವ ಯಂತ್ರ ಮತ್ತು ಒಂದೇ ದಿನ ಬೇಕಾಗುವ ಆಳುಗಳು. ಒಂಟಿ ಮನೆಗೆ ಹೊರೆಯಾದದ್ದು ಸೊಸೈಟಿಗೆ ಹಗುರ. ಯಂತ್ರ ಸೊಸೈಟಿಯದಾಗಿದ್ದು ಮನೆಯಿಂದ ಮನೆಗೆ ಹೋಗಬೇಕು.

ಹುಲಿ, ಆನೆ ಮತ್ತು ಹುಲ್ಲು

ಕೇಣಿಚಿರದಲ್ಲಿ ಹುಲ್ಲಿನ ಮಾತು ಹುಲಿಯ ಮಾತಿಲ್ಲದೆ ಮುಗಿಯದು. 2023ರ ಡಿಸೆಂಬರ್‌ನಲ್ಲಿ ಇದೇ ಪೂತಾಡಿ ಪಂಚಾಯಿತಿಯ ವಾಕೇರಿಯಲ್ಲಿ ಹಸುವಿಗೆ ಹುಲ್ಲು ಕೊಯ್ಯಲು ಹೋದ ಯುವ ರೈತರೊಬ್ಬರು ಹುಲಿಗೆ ಬಲಿಯಾದರು. ಆ ಹುಲಿ ಬೋನಿಗೆ ಬೀಳುವವರೆಗೆ ಊರು ಭಯದಲ್ಲಿತ್ತು. 2024ರ ಜೂನ್‌ನಲ್ಲಿ ಕೇಣಿಚಿರದಲ್ಲೇ ಮತ್ತೊಂದು ಹುಲಿ ಕೆಲವೇ ದಿನಗಳಲ್ಲಿ ಹಲವು ಹಸುಗಳನ್ನು ಕೊಂದಿತು. ಜೂನ್ 23ರ ರಾತ್ರಿ ಅದನ್ನು ಹಿಡಿಯಲಾಯಿತು.

ಕಾಡೊಳಗಿನ ಹುಲ್ಲಿನ ಸ್ಥಿತಿಗೂ ಇದಕ್ಕೂ ನಂಟಿದೆ. 344 ಚದರ ಕಿಲೋಮೀಟರ್‌ನ ವಯನಾಡು ವನ್ಯಜೀವಿಧಾಮದಲ್ಲಿ ನೆರಳಿಗೆಂದು ತಂದ ಸೆನ್ನಾ ಮರ, ಅಲ್ಲಿನವರು ಮಂಜಕೊನ್ನ ಎನ್ನುವುದು, ಹುಚ್ಚೆದ್ದು ಹಬ್ಬಿದೆ. ಅದರ ಕೆಳಗೆ ಹುಲ್ಲು ಬೆಳೆಯದು. ಬಂಡೀಪುರದಲ್ಲಿ ಲಂಟಾನ ಮಾಡಿದ್ದೂ ಇದನ್ನೇ. ಹುಲ್ಲು ಹೋದರೆ ಜಿಂಕೆ, ಕಾಡೆಮ್ಮೆ, ಆನೆ ಮೇವು ಹುಡುಕಿ ಹೊರಗೆ ಬರುತ್ತವೆ. ಅವುಗಳ ಬೆನ್ನಿಗೆ ಬೇಟೆಗಾರ ಪ್ರಾಣಿಯೂ ಬರುತ್ತದೆ. ಹುಲಿ ಊರಿಗೆ ಬರುವುದಕ್ಕೆ ಇದೊಂದೇ ಕಾರಣವಲ್ಲ, ಆದರೆ ಸಣ್ಣ ಕಾರಣವೂ ಅಲ್ಲ. ಸೆನ್ನಾ, ಲಂಟಾನ ತೆಗೆದು ಸ್ಥಳೀಯ ಹುಲ್ಲು ಮರಳಿ ಬರುವಂತೆ ಮಾಡುವುದು ಅರಣ್ಯ ಇಲಾಖೆಯ ಮೊದಲ ಕೆಲಸವಾಗಬೇಕು.

ರೈತನ ಮಟ್ಟಿಗೆ ಪಾಠ ಸರಳ. ಮೇವಿಗಾಗಿ ಪೊದೆ, ಪಾಳು ತೋಟ, ಕಾಡಂಚಿಗೆ ಹೋಗುವ ಅಗತ್ಯ ತಪ್ಪಬೇಕು. ಬೆಳಗಿನ, ಸಂಜೆಯ ಮಬ್ಬಿನಲ್ಲಿ ಬಗ್ಗಿ ಹುಲ್ಲು ಕೊಯ್ಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರ ಸುರಕ್ಷತೆಗೆ ಕೊಟ್ಟಿಗೆಯ ಹತ್ತಿರದ ಹುಲ್ಲಿಗಿಂತ ದೊಡ್ಡ ರಕ್ಷಣೆಯಿಲ್ಲ. ಹಾಗೆಂದು ನೇಪಿಯರನ್ನು ಆಳೆತ್ತರ ಬೆಳೆಯಲು ಬಿಟ್ಟರೆ ಕಾಡುಹಂದಿ, ಚಿರತೆಗೆ ಅದೇ ಅಡಗುತಾಣವಾದೀತು. ಆನೆಗೂ ಅದು ಪ್ರಿಯವಾದ ಮೇವು. ಕಾಡಿಗೆ ತೀರಾ ತಾಗಿದ ನೆಲದಲ್ಲಿ ಗಿಡ್ಡವಾಗಿ ಹರಡುವ ಕಾಂಗೋ ಸಿಗ್ನಲ್, ಮನೆಯ ಸುತ್ತ ಮಾತ್ರ ನೇಪಿಯರ್, ಅದನ್ನೂ ಹೊತ್ತಿಗೆ ಸರಿಯಾಗಿ ಕೊಯ್ಯುವುದು ಸರಿಯಾದ ಕ್ರಮ.

ಆಗಬೇಕಾದ್ದು

ಇಷ್ಟನ್ನು ಒಟ್ಟಿಗೆ ನೋಡಿದಾಗ ಉತ್ತರ ಸ್ಪಷ್ಟ. ಕೇಣಿಚಿರಕ್ಕೆ ಒಂದೇ ಹುಲ್ಲು ಸಾಲದು. ಬಿಸಿಲಿಗೆ ನೇಪಿಯರ್, ನೆರಳಿಗೆ ಗಿನಿ, ಇಳಿಜಾರಿಗೆ ಕಾಂಗೋ ಸಿಗ್ನಲ್, ಅಂಗಳಕ್ಕೂ ದಾರಿಯಂಚಿಗೂ ಗರಿಕೆ, ಇವುಗಳ ಜೊತೆ ಒಂದಿಷ್ಟು ದ್ವಿದಳ ಸೊಪ್ಪು, ಬೇಸಿಗೆಗೆ ರಸಮೇವು. ಕರ್ನಾಟಕದ ಒಣಹುಲ್ಲು ಇದರಿಂದ ಪೂರ್ತಿ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ನಾಲ್ಕೈದು ಕಿಲೋ ಒಣ ಮೇವು ಹಸುವಿಗೆ ಬೇಕೇ ಬೇಕು, ಅದನ್ನು ಮಾರಿ ಗುಂಡ್ಲುಪೇಟೆಯ ರೈತನಿಗೂ ನಾಲ್ಕು ಕಾಸು ಸಿಗಲಿ. ಆದರೆ ಲಾರಿ ನಿಂತ ದಿನ ಹಾಲೂ ನಿಲ್ಲುವ ಸ್ಥಿತಿ ಇರಬಾರದು.

ಅರಿವಿಗೆ ಕೊರತೆಯಿಲ್ಲ. ಪೂಕೋಡಿನಲ್ಲಿ ಕೇರಳದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಅಂಬಲವಯಲ್‌ನಲ್ಲಿ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರವಿದೆ, ಪಾಲಕ್ಕಾಡಿನ ಧೋಣಿಯಲ್ಲಿ ಮೇವಿನ ಬೀಜದ ಫಾರ್ಮ್ ಇದೆ, ಡೇರಿ ಅಭಿವೃದ್ಧಿ ಇಲಾಖೆ ಹುಲ್ಲು ಕೃಷಿಗೆ ಸಹಾಯಧನ ಕೊಡುತ್ತದೆ. ಕೊರತೆಯಿರುವುದು ಹುಲ್ಲನ್ನು ಬೆಳೆಯೆಂದು ಒಪ್ಪುವ ಮನಸ್ಸಿಗೆ. ಕಾಫಿಗೆ ಗೊಬ್ಬರ ಹಾಕುವ ದಿನ ಹುಲ್ಲಿಗೂ ಹಾಕಬೇಕು. ಮೆಣಸಿಗೆ ಮಾಡುವ ಲೆಕ್ಕ ಹುಲ್ಲಿಗೂ ಆಗಬೇಕು. ಪಂಚಾಯಿತಿಯ ವಾರ್ಷಿಕ ಯೋಜನೆಯಲ್ಲಿ ಅದಕ್ಕೊಂದು ಸಾಲು ಇರಬೇಕು.

ಹೆಗ್ಗಡದೇವನಕೋಟೆಯ, ಗುಂಡ್ಲುಪೇಟೆಯ ಓದುಗರಿಗೂ ಇದೇ ಮಾತು. 2023ರ ಬರ ನಿಮ್ಮ ಹಟ್ಟಿಯನ್ನೂ ಬಿಡಲಿಲ್ಲ. ಮುಂಗಾರಿನ ಮೊದಲ ಮಳೆಗೆ ನಿಮ್ಮ ಬದುವಿನಲ್ಲಿ ನೇಪಿಯರ್‌ನ ನೂರು ಬುಡ ನೆಡಿ. ನೆರೆಯವರಿಗೆ ಹತ್ತು ತುಂಡು ಕೊಡಿ. ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು ಬರುತ್ತದೆ.